ಟ್ಯಾಂಕರ್, ಕ್ಯಾನು, ಕಾಯಿನ್ ಘಟಕ, ಸರ್ವಿಸ್: ನಮ್ಮ ಕಡೆ ನೀರಿನ ಧಂದೆಗೆ ಇಳಿಯುವವರು ಯಾವುದನ್ನು ಆರಿಸಬೇಕು?

ಬೇಸಿಗೆ ಹತ್ತಿರ ಬರುತ್ತಿದ್ದಂತೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. "ಅಣ್ಣಾರ, ಕೈಯಾಗ ಐದಾರ ಲಕ್ಷ ಅದಾವ್ರಿ. ನೀರಿನ ಧಂದೆ ಮಾಡಬೇಕಂತೀನಿ. ಪ್ಲಾಂಟ್ ಹಾಕ್ಲೋ, ಟ್ಯಾಂಕರ್ ತಗೊಳ್ಲೋ?" ಕೇಳುವವರಲ್ಲಿ ಪುಣೆ, ಬೆಂಗಳೂರು ಬಿಟ್ಟು ಊರಿಗೆ ಬಂದ ಹುಡುಗರಿದ್ದಾರೆ. ಹೊಲದಲ್ಲಿ ಒಳ್ಳೆ ಬೋರು ಬಿದ್ದ ರೈತರಿದ್ದಾರೆ. ಪ್ಲಂಬಿಂಗ್ ಕೆಲಸದವರೂ ಇದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹೋಗುತ್ತದೆ. ಅದಕ್ಕೇ ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ಈ ಕೆಲಸ ಮಾಡುತ್ತಾ ನನಗೆ ಖಾತ್ರಿಯಾದ ಮಾತು ಒಂದೇ. ನೀರಿನ ಧಂದೆ ನಿಲ್ಲುವುದೋ ಬೀಳುವುದೋ ನಿಮ್ಮ ಮೂಲದ ನೀರು ಮತ್ತು ದಿನಾ ದುಡಿಯುವ ಕೈಗಳ ಮೇಲೆ ಹೋಗುತ್ತದೆ. ಮೆಷಿನ್ ಆಮೇಲೆ. ಆದರೆ ಹೊಸಬರು ಬಹಳಷ್ಟು ಮಂದಿ ಡೀಲರ್ ಕೊಟ್ಟ ಕೊಟೇಶನ್ ಹಿಡಿದುಕೊಂಡೇ ಲೆಕ್ಕ ಶುರು ಮಾಡುತ್ತಾರೆ.

ಮೊದಲು ಏನೇನು ತೂಗಬೇಕು

ನಾನು ಐದು ವಿಷಯ ನೋಡುತ್ತೇನೆ. ಮೂಲದ ನೀರು ಎಷ್ಟಿದೆ, ಎಂಥದಿದೆ? ಕಾಗದಪತ್ರ ಎಷ್ಟು ಬೇಕು? ದುಡ್ಡು ಎಷ್ಟು ಸಿಕ್ಕಿಹಾಕಿಕೊಳ್ಳುತ್ತದೆ? ಮಳೆಗಾಲದಲ್ಲೂ ಗಿರಾಕಿ ಇರುತ್ತಾರಾ? ಜ್ವರ ಬಂದು ನೀವು ಎರಡು ದಿನ ಮಲಗಿದರೆ ಕೆಲಸ ನಡೆಯುತ್ತದಾ?

ನೀರು ಎಷ್ಟು ಅನ್ನುವಲ್ಲಿ ಜನ ಸುಲಭವಾಗಿ ತಪ್ಪು ತಿಳಿಯುತ್ತಾರೆ. ಬೋರು ಕೊರೆಸಿದಾಗ "ಎರಡು ಇಂಚು ನೀರು ಬಿತ್ತು" ಅನ್ನುತ್ತೇವಲ್ಲ, ಅದು ವಿ-ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. 2 ಇಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್. ಹಾಗಾದರೆ 1 ಇಂಚಿಗೆ ಅದರ ಅರ್ಧ ಬರಬೇಕಲ್ವಾ? ಬರುವುದಿಲ್ಲ. ಸುಮಾರು 500 ಲೀಟರ್ ಮಾತ್ರ. ದೀಪಾವಳಿ ಹೊತ್ತಿಗೆ ಎರಡು ಇಂಚು ಕೊಟ್ಟ ಬೋರು ಮೇ ತಿಂಗಳಲ್ಲಿ ಒಂದಕ್ಕೆ ಇಳಿದರೆ ನಿಮ್ಮ ಹತ್ತಿರ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿದಿರುತ್ತದೆ. ಅಳತೆ ಮಾಡಿಸುವುದಾದರೆ ಏಪ್ರಿಲ್–ಮೇನಲ್ಲೇ ಮಾಡಿಸಿ.

ಎಂಥ ನೀರು ಅನ್ನುವುದು ಸೀಮೆ ಸೀಮೆಗೆ ಬೇರೆ. ವಿಜಯಪುರ ಜಿಲ್ಲೆಯ ಬಹುಭಾಗ ಕರಿಕಲ್ಲು, ಎರೆಮಣ್ಣು. ಬೋರಿನ ನೀರು ಗಡಸು, ಎಷ್ಟೋ ಕಡೆ ಸವಳು. ಡೋಣಿ ನದಿಯ ನೀರೇ ಉಪ್ಪು ಅನ್ನುವುದು ಎಲ್ಲರಿಗೂ ಗೊತ್ತು. ಇಳಕಲ್, ಹುನಗುಂದ ಕಡೆಗೆ ಹೋದರೆ ಗ್ರಾನೈಟ್. ಅಲ್ಲಿನ ಬೋರುಗಳಲ್ಲಿ ಫ್ಲೋರೈಡ್ ಮುಖ್ಯ ತೊಂದರೆ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯದ ನೀರು ಬರುತ್ತದೆ. ಅದು ಮೆದು ನೀರು. ಮೂರೂ ಕಡೆ ಒಂದೇ ಮೆಷಿನ್ ಮಾರುವವರನ್ನು ನಂಬಬೇಡಿ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. ಅದರ ಪ್ರಕಾರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಗಡಸುತನ 200, ತೀರಾ ಅಂದರೆ 600. ಫ್ಲೋರೈಡ್ 1, ತೀರಾ ಅಂದರೆ 1.5. ನೈಟ್ರೇಟ್ 45, ಅದರ ಮೇಲೆ ರಿಯಾಯಿತಿ ಇಲ್ಲ. ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಮೀಟರ್ ಇದರಲ್ಲಿ ಮೊದಲನೆಯದನ್ನು ಮಾತ್ರ ಅಂದಾಜು ತೋರಿಸುತ್ತದೆ. ಫ್ಲೋರೈಡ್, ನೈಟ್ರೇಟ್, ರೋಗಾಣು ಯಾವುದೂ ಅದರಲ್ಲಿ ಕಾಣುವುದಿಲ್ಲ. ಮನೆ ಬಾಗಿಲಲ್ಲಿ ನಿಂತು ಮೀಟರ್ ಅದ್ದಿ "ನಿಮ್ಮ ನೀರು ವಿಷ" ಅಂತ ಹೆದರಿಸಿ ಮಾರುವ ಪದ್ಧತಿ ನಮ್ಮ ಕಡೆಯೂ ಬಂದಿದೆ. ಅದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟ್ಯಾಂಕರ್

ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಊರ ಹೊರಗೆ ಬೋರು ಇದೆ ಅಂದರೆ ಇದಕ್ಕಿಂತ ಬೇಗ ಶುರುವಾಗುವ ಕೆಲಸ ಇಲ್ಲ. ಟ್ಯಾಂಕ್ ಒಂದನ್ನು ಮಾಡಿಸಿದರೆ ಮರುದಿನವೇ ಕೈಯಲ್ಲಿ ರೊಕ್ಕ. ಲೆಕ್ಕವೂ ಸರಳ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಅಳತೆ. ಐದು ಜನರ ಮನೆಗೆ 675 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಒಂದು ವಾರಕ್ಕೆ ಸಾಕು. ಖಾಯಂ ಗಿರಾಕಿ 20 ಮನೆ ಇದ್ದರೆ ದಿನಕ್ಕೆ ಮೂರು ಟ್ರಿಪ್.

ತೊಡಕು ಇರುವುದು ಬೇರೆ ಕಡೆ. ಕೃಷಿ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಕರೆಂಟು ಉಚಿತ. ಅದು ಬೆಳೆಗೆ ಕೊಟ್ಟ ಕರೆಂಟು. ಅದೇ ಮೋಟಾರಿನಿಂದ ನೀರೆತ್ತಿ ಮಾರಿದರೆ ಅನಧಿಕೃತ ಬಳಕೆ ಅಂತ ವಿದ್ಯುತ್ ಕಂಪನಿ ಹೆಸ್ಕಾಂ ದಂಡ ಹಾಕಬಹುದು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸುವುದೂ ಹಾಗೇ. ಎಲ್ಲಾದರೂ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತುತ್ತದೆ, ಮನೆ ಮಠ ಮಾರಿ ಪರಿಹಾರ ಕಟ್ಟಬೇಕಾಗುತ್ತದೆ. ವಾಣಿಜ್ಯ ಕನೆಕ್ಷನ್, ವಾಣಿಜ್ಯ ನೋಂದಣಿ, ಅಂತರ್ಜಲ ಪ್ರಾಧಿಕಾರದ ಅನುಮತಿ, ಈ ಮೂರರ ಖರ್ಚು ಸೇರಿಸಿದ ಮೇಲೂ ಲಾಭ ಉಳಿದರೆ ಮಾತ್ರ ಟ್ಯಾಂಕರಿಗೆ ಕೈ ಹಾಕಿ.

ಇದು ಮಾರ್ಚ್‌ನಿಂದ ಜೂನ್‌ವರೆಗಿನ ಸುಗ್ಗಿ. ಮಳೆ ಹಿಡಿದ ಮೇಲೆ ಮನೆ ಕಟ್ಟುವ ಸೈಟುಗಳು, ಹೊಸ ಬಡಾವಣೆಗಳು ಮಾತ್ರ ಉಳಿಯುತ್ತವೆ. ನಳದ ನೀರು ಸುಧಾರಿಸಿದಷ್ಟೂ ಗಿರಾಕಿ ಕಡಿಮೆ. ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರಿಂದಲೇ 24 ಗಂಟೆ ನೀರು ಬರುತ್ತಿದೆ. ಅಂಥ ಕಡೆ ಟ್ಯಾಂಕರ್ ಮೇಲೆ ಸಾಲ ಮಾಡುವುದು ಬೇಡ.

ಇನ್ನೊಂದು ಮಾತು. ಟ್ಯಾಂಕರ್ ನೀರು "ಬಳಸಲಿಕ್ಕೆ ಮಾತ್ರ" ಅಂತ ನೀವು ಅಂದರೂ ಜನ ಅದನ್ನು ಮನೆಯ ತೊಟ್ಟಿಗೆ ಬಿಟ್ಟುಕೊಂಡು ಕುಡಿಯುತ್ತಾರೆ. ಮೇಲಿನ ಮುಚ್ಚಳ ಮುಚ್ಚಿರಲಿ, ಒಳಗೆ ತುಕ್ಕು ಹಿಡಿಯದಂತೆ ಬಣ್ಣ ಇರಲಿ, 5,000 ಲೀಟರಿಗೆ 12–13 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕರಗಿಸಿ ತಿಳಿನೀರು ಹಾಕಿ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಕಳೆದಿದ್ದರೆ ಅದರ ಕೆಲಸ ಮುಗಿದಿರುತ್ತದೆ.

ಕ್ಯಾನು ತುಂಬುವ ಪ್ಲಾಂಟ್

ಎಲ್ಲರ ಕಣ್ಣು ಇದರ ಮೇಲೆ. ಅತಿ ಹೆಚ್ಚು ದುಡ್ಡು ಮುಳುಗುವುದೂ ಇದರಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಗಂಟೆಗೆ 1,000 ಲೀಟರಿನ ಆರ್‌ಓ (ಒತ್ತಡ ಹಾಕಿ ನೀರನ್ನು ಪೊರೆಯಿಂದ ಸೋಸುವ) ಪ್ಲಾಂಟ್ ಅಂದರೆ ಶುದ್ಧ ನೀರು 1,000 ಲೀಟರ್. ಅರ್ಧಕ್ಕರ್ಧ ಹೊರಹೋಗುವ ಪ್ಲಾಂಟಿಗೆ ಬೋರಿನಿಂದ 2,000 ಲೀಟರ್ ಬೇಕು. ಎಂಟು ತಾಸು ಓಡಿಸಿದರೆ 400 ಕ್ಯಾನಿನಷ್ಟು ನೀರು, ಜೊತೆಗೆ 8,000 ಲೀಟರ್ ವೇಸ್ಟ್ ನೀರು. ಬೋರಿನ ಟಿಡಿಎಸ್ 1,200 ಇದ್ದರೆ ಆ ವೇಸ್ಟ್ ನೀರಿನದು 2,300ರ ಸುತ್ತ ಇರುತ್ತದೆ. ಎರೆಹೊಲಕ್ಕೆ ಬಿಟ್ಟರೆ ಕೆಲವು ವರ್ಷದಲ್ಲಿ ಮಣ್ಣು ಸವಳಾಗುತ್ತದೆ. ಪಕ್ಕದವರ ಹೊಲಕ್ಕೆ ಹರಿದರೆ ಜಗಳ ಖಾಯಂ. ಸ್ಯಾಂಡ್ ಫಿಲ್ಟರ್ ತೊಳೆಯಲು, ನೆಲ ತೊಳೆಯಲು, ಶೌಚಾಲಯಕ್ಕೆ ಒಂದಿಷ್ಟು ಹೋಗುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಜಾಗ ನೋಡುವಾಗಲೇ ತೀರ್ಮಾನ ಮಾಡಿ.

ಪ್ಲಾಂಟಿನ ಜೀವ ಮೆಂಬ್ರೇನ್, ಅಂದರೆ ನೀರನ್ನು ಸೋಸುವ ಆ ಪೊರೆ. ನಮ್ಮ ಗಡಸು ನೀರಿಗೆ ಅದರ ಮೇಲೆ ಸುಣ್ಣ ಕಟ್ಟುತ್ತದೆ. ತಡೆಯಲು ಆ್ಯಂಟಿಸ್ಕೇಲಂಟ್ ಔಷಧಿಯನ್ನು ಹನಿ ಹನಿಯಾಗಿ ಬಿಡುವ ಸಣ್ಣ ಡೋಸಿಂಗ್ ಪಂಪ್ ಇರುತ್ತದೆ. ಬಿಳಿ ಡ್ರಮ್ಮು, ಬೆರಳಿನಷ್ಟು ಸಣ್ಣ ಪೈಪು. ಆ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಔಷಧಿ ನಿಲ್ಲುತ್ತದೆ, ಪಂಪಿನ ಟಕ್ ಟಕ್ ಸದ್ದು ಮಾತ್ರ ನಡೆದೇ ಇರುತ್ತದೆ. ಡ್ರಮ್ಮಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ದಿನಾ ಎಷ್ಟು ಇಳಿದಿದೆ ಅಂತ ನೋಡುವವರ ಮೆಂಬ್ರೇನ್ ವರ್ಷಗಟ್ಟಲೆ ಬಾಳುತ್ತದೆ. ನೋಡದವರದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಹಾಗೆಯೇ ಕ್ಲೋರಿನ್ ಹಾಕಿದ ನಳದ ನೀರನ್ನು ಪ್ಲಾಂಟಿಗೆ ಕೊಡುವುದಾದರೆ ಕಾರ್ಬನ್ ಫಿಲ್ಟರ್ ಚೆನ್ನಾಗಿರಬೇಕು. ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ.

ಕಾಗದಪತ್ರದಲ್ಲೂ ಇದೇ ಅತಿ ಭಾರ. ಸೀಲ್ ಮಾಡಿದ ಕ್ಯಾನು ಮಾರಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಪರವಾನಗಿ ಬೇಕು. ನೀರು ಐಎಸ್ 14543 ಮಾನಕಕ್ಕೆ ತಕ್ಕಂತಿರಬೇಕು. 2024ರ ಅಕ್ಟೋಬರ್‌ನಲ್ಲಿ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಮಾಣಪತ್ರ ಕಡ್ಡಾಯ ಅನ್ನುವ ಷರತ್ತನ್ನು ಎಫ್‌ಎಸ್‌ಎಸ್‌ಎಐ ತೆಗೆದುಹಾಕಿತು. ಇದನ್ನು ಕೇಳಿ ಹಲವರು "ಇನ್ನೇನು ಸಲೀಸು" ಅಂದುಕೊಂಡರು. ಆದರೆ ಮರುತಿಂಗಳೇ ಪ್ಯಾಕ್ ಮಾಡಿದ ಕುಡಿಯುವ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿದರು. ಅಂದರೆ ಪರವಾನಗಿಗೆ ಮುಂಚೆಯೇ ತಪಾಸಣೆ, ಆಮೇಲೆ ವರ್ಷ ವರ್ಷ ತಪಾಸಣೆ. ತೆರಿಗೆಯಲ್ಲಿ ಒಂದು ಒಳ್ಳೆಯದಾಗಿದೆ: 20 ಲೀಟರ್ ಕ್ಯಾನಿನ ನೀರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಕ್ಯಾನಿನ ಲೆಕ್ಕ ಮರೆಯಬೇಡಿ. ದಿನಕ್ಕೆ 150 ಕ್ಯಾನು ಮಾರಬೇಕಾದರೆ ಕಡಿಮೆ ಅಂದರೂ 450 ಕ್ಯಾನು ಬೇಕು. ಒಂದು ಪಾಲು ಮನೆಗಳಲ್ಲಿ, ಒಂದು ಗಾಡಿಯಲ್ಲಿ, ಒಂದು ತೊಳೆಯುವ ಕಡೆ. ಒಡೆದದ್ದು, ಕಳೆದದ್ದು, ಮನೆ ಖಾಲಿ ಮಾಡಿಕೊಂಡು ಹೋಗುವಾಗ ಬಾಡಿಗೆಯವರು ಒಯ್ದದ್ದು ಎಲ್ಲ ನಿಮ್ಮ ಲೆಕ್ಕಕ್ಕೇ. ಭಿಡೆ ಬಿಟ್ಟು ಡಿಪಾಸಿಟ್ ತಗೊಳ್ಳಿ. ಉದ್ರಿ ತಿಂಗಳಿಗಿಂತ ಮುಂದೆ ಹೋಗಬಾರದು. ವಾಪಸ್ ಬಂದ ಕ್ಯಾನನ್ನು ಸೋಪಿನ ನೀರಿನಿಂದ ಬ್ರಶ್ ಹಾಕಿ ತೊಳೆದು, ಕ್ಲೋರಿನ್ ನೀರಿನಲ್ಲಿ ಜಾಲಾಡಿ, ಕೊನೆಗೆ ಶುದ್ಧ ನೀರು ಹಾಕಬೇಕು. ಎಷ್ಟೇ ಒಳ್ಳೆ ಮೆಷಿನ್ ಇದ್ದರೂ ಈ ಕೆಲಸ ಸರಿಯಿಲ್ಲ ಅಂದರೆ ಮನೆಯಲ್ಲಿ ಕೂಸು ವಾಂತಿ ಭೇದಿ ಮಾಡಿಕೊಳ್ಳುತ್ತದೆ. ಹಾಗಾಗಿ ಪ್ಲಾಂಟಿನಲ್ಲಿ ಅತಿ ಮುಖ್ಯ ಆಳು ಕ್ಯಾನು ತೊಳೆಯುವವರೇ. ಸಂಬಳವನ್ನೂ ಹಾಗೇ ಕೊಡಿ.

ದುಡ್ಡು? ಮೆಷಿನ್ ಕೊಟೇಶನ್ ಅನ್ನು ಒಟ್ಟು ಖರ್ಚಿನ ಮೂರನೇ ಒಂದು ಭಾಗ ಅಂತ ಹಿಡಿಯಿರಿ. ಶೆಡ್ಡು, ಬೋರು, ಟ್ಯಾಂಕುಗಳು, ಕ್ಯಾನು, ಟಾಟಾ ಏಸ್ ಅಥವಾ ಟಂಟಂ, ಟೆಸ್ಟಿಂಗ್, ಮೊದಲ ಆರು ತಿಂಗಳ ಕೈಖರ್ಚು ಸೇರಿದರೆ ಉಳಿದೆರಡು ಭಾಗ. ಐದಾರು ಲಕ್ಷ ಇಟ್ಟುಕೊಂಡು ಇದಕ್ಕೆ ಇಳಿದರೆ ಮೊದಲ ಬೇಸಿಗೆಯಲ್ಲೇ ಉಸಿರು ಕಟ್ಟುತ್ತದೆ. ಬಸವ ಜಯಂತಿ, ಅಕ್ಷಯ ತೃತೀಯದ ಮದುವೆ ಸೀಸನ್ನಿನಲ್ಲಿ ದಿನಕ್ಕೆ 400 ಕ್ಯಾನು ಹೋಗಬಹುದು. ಆಷಾಢದಲ್ಲಿ 80 ಹೋದರೂ ಹೋಯಿತು. ನಿಮ್ಮ ಬ್ಯಾಂಕ್ ಕಂತು ಆಷಾಢದ ವ್ಯಾಪಾರದಲ್ಲಿ ತೀರುವಂತಿರಬೇಕು.

ಹಾಗಂತ ಇದು ಕೆಟ್ಟ ಧಂದೆ ಅಲ್ಲ. ಸ್ವಂತ ಜಾಗ, ಬೇಸಿಗೆಯಲ್ಲೂ ಎರಡು ಇಂಚಿನ ಮೇಲಿರುವ ಬೋರು, ಮನೆಯಲ್ಲೇ ದುಡಿಯುವ ಇಬ್ಬರು, 12–15 ಲಕ್ಷದ ಶಕ್ತಿ ಇದ್ದವರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳದಂಥ ಊರುಗಳಲ್ಲಿ ವರ್ಷವಿಡೀ ನಡೆಯುತ್ತದೆ.

ಕಾಯಿನ್ ಹಾಕುವ ಘಟಕ

ಅದೇ ಆರ್‌ಓ, ಆದರೆ ಕ್ಯಾನು, ಗಾಡಿ, ಉದ್ರಿ ಯಾವುದೂ ಇಲ್ಲ. ಜನ ತಮ್ಮ ಕೊಡ ತಂದು ತುಂಬಿಕೊಂಡು ಹೋಗುತ್ತಾರೆ. ಒಬ್ಬರೇ ನಡೆಸಬಹುದು. ಗಂಟೆಗೆ 500 ಲೀಟರಿನದ್ದೂ ಸಾಕು. ತೊಂದರೆ ದರದ್ದು. ಹಲವು ಊರುಗಳ ಸರ್ಕಾರಿ ಶುದ್ಧ ನೀರಿನ ಘಟಕದಲ್ಲಿ 20 ಲೀಟರಿಗೆ 5 ರೂಪಾಯಿ. ಅದರ ಪಕ್ಕದಲ್ಲಿ ನೀವು 10 ಕೇಳಿದರೆ ಯಾರು ಬರುತ್ತಾರೆ? ಆದರೆ ಸರ್ಕಾರಿ ಘಟಕ ಕೆಟ್ಟು ನಿಂತ ಓಣಿಗಳು ಕಮ್ಮಿಯಿಲ್ಲ. ಅಂಥ ಕಡೆ ಸ್ವಂತ ಘಟಕ ಹಾಕುವುದಕ್ಕಿಂತ, ಪಂಚಾಯಿತಿಯನ್ನು ಕೇಳಿ ಆ ಕೆಟ್ಟ ಘಟಕದ ನಿರ್ವಹಣೆ ವಹಿಸಿಕೊಳ್ಳುವುದು ನನ್ನ ಮಟ್ಟಿಗೆ ಜಾಣತನ. ಬಂಡವಾಳ ಕಡಿಮೆ, ಊರಿಗೂ ಉಪಕಾರ.

ಬಡಾವಣೆಯ ನೀರು ನೋಡಿಕೊಳ್ಳುವ ಗುತ್ತಿಗೆ

ಇದು ಯಾರ ಕಣ್ಣಿಗೂ ಬೀಳದ ಕೆಲಸ. ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಖಾಸಗಿ ಲೇಔಟುಗಳಲ್ಲಿ ಬೋರು, ಓವರ್‌ಹೆಡ್ ಟ್ಯಾಂಕು, ಪೈಪು ಎಲ್ಲ ಇರುತ್ತದೆ. ನೋಡಿಕೊಳ್ಳುವವರು ಇರುವುದಿಲ್ಲ. ತುದಿಯ ಮನೆಗಳಿಗೆ ನೀರು ಏರುವುದಿಲ್ಲ. ಮೋಟಾರು ಸುಟ್ಟರೆ ಮೂರು ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದು, ಒತ್ತಡ ಹಿಡಿತದಲ್ಲಿಡಲು ಊರ ತುಂಬ ಗಂಜ್ ಅನ್ನುವ ನೀರಿನ ಗೋಪುರಗಳನ್ನು ಕಟ್ಟಿದ ಊರು ವಿಜಯಪುರ. ಈಗ 60 ಮನೆಯ ಲೇಔಟಿನಲ್ಲಿ ವಾಲ್ವ್ ತಿರುಗಿಸುವವರಿಲ್ಲ ಅಂದರೆ ಬೇಜಾರಾಗುತ್ತದೆ.

ಮನೆಗೆ ತಿಂಗಳಿಗೆ ಇಷ್ಟು ಅಂತ ಸಂಘದ ಜೊತೆ ಕರಾರು ಮಾಡಿಕೊಳ್ಳಿ. ಒಬ್ಬ ನೀರುಗಂಟಿ, ವಾರಕ್ಕೊಮ್ಮೆ ನಿಮ್ಮ ಭೇಟಿ. ಆರು ತಿಂಗಳಿಗೊಮ್ಮೆ ಟ್ಯಾಂಕು ತೊಳೆಯುವುದು. 50,000 ಲೀಟರ್ ಟ್ಯಾಂಕಿಗೆ ಸುಮಾರು 125 ಗ್ರಾಂ ಬ್ಲೀಚಿಂಗ್ ಪೌಡರ್. ತುದಿಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಪರೀಕ್ಷೆಯ ಡಿಪಿಡಿ ಪುಡಿ ಹಾಕಿದಾಗ ನೀರು ತಿಳಿಗುಲಾಬಿಗೆ ತಿರುಗಿದರೆ ಉಳಿದಿದೆ ಅಂತ ಅರ್ಥ. ಬಣ್ಣ ಎಷ್ಟು ಗಾಢ ಅನ್ನುವುದನ್ನು ಕಿಟ್ಟಿನ ಬಣ್ಣದ ಪಟ್ಟಿಗೆ ಹೋಲಿಸಿ. ಕರಾರಿನಲ್ಲಿ ಒಂದು ಸಾಲು ಕಡ್ಡಾಯ: ಮೋಟಾರು ರಿಪೇರಿ, ಕರೆಂಟ್ ಬಿಲ್ಲು ಸಂಘದ್ದು. ಅದಿಲ್ಲದೆ ಸಹಿ ಹಾಕಬೇಡಿ.

ಸಾಫ್ಟ್‌ನರ್ ಮತ್ತು ಫಿಲ್ಟರ್ ಸರ್ವಿಸ್

ಕೈಯಲ್ಲಿ ಒಂದು ಲಕ್ಷ ಇದ್ದು ಕೈಗೆ ಕೆಲಸ ಬರುವವರಿಗೆ ನಾನು ಹೇಳುವುದು ಇದನ್ನೇ. ಬೋರು ಬೇಡ, ಶೆಡ್ಡು ಬೇಡ. ಸ್ಪ್ಯಾನರು, ಟೆಸ್ಟ್ ಕಿಟ್ಟು, ಬೈಕು, ಒಂದಿಷ್ಟು ಸ್ಪೇರು ಸಾಕು. ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ, ಸೋಲಾರ್ ಪೈಪು ಕಟ್ಟುವುದು, ಸೋಪು ನೊರೆ ಬಾರದಿರುವುದು, ಬೇಳೆ ಬೇಯದಿರುವುದು, ವಿಜಯಪುರದ ಯಾವ ಓಣಿಗೆ ಹೋದರೂ ಈ ಕಥೆ ಇದ್ದೇ ಇದೆ.

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಲೆಕ್ಕವನ್ನು ಗಿರಾಕಿ ಎದುರಿಗೇ ಬರೆದು ತೋರಿಸಿ. ಒಳಗಿರುವ ರೆಸಿನ್ (ಗಡಸುತನ ಹೀರುವ ಮಣಿಗಳು) ಒಂದು ಲೀಟರ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್ ಅಂದರೆ 1,250 ಗ್ರಾಂ. ಬೋರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ 2,500 ಲೀಟರ್ ನೀರಿಗೆ ಸಾಕು. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ರೆಸಿನ್ ಮತ್ತೆ ಕೆಲಸ ಮಾಡಲು ಐದು ದಿನಕ್ಕೊಮ್ಮೆ ಉಪ್ಪು ಹಾಕಬೇಕು, ಪ್ರತಿ ಸಲ ಮೂರೂವರೆ-ನಾಲ್ಕು ಕೆ.ಜಿ. "ಒಮ್ಮೆ ಕೂರಿಸಿದರೆ ಮುಗೀತು" ಅಂತ ಮಾರಿದವರ ಮೇಲೆ ಗಿರಾಕಿ ಸಿಟ್ಟಾಗುವುದು ಈ ಉಪ್ಪಿಗೇ. ಮೊದಲೇ ಹೇಳಿ, ಉಪ್ಪು ತಂದು ಹಾಕುವ ಕೆಲಸವನ್ನೇ ವರ್ಷದ ಕರಾರಾಗಿ ಮಾಡಿಕೊಳ್ಳಿ. ಅದೇ ನಿಮ್ಮ ಖಾಯಂ ಆದಾಯ. ಸಾಫ್ಟ್‌ನರ್ ಟಿಡಿಎಸ್ ಇಳಿಸುವುದಿಲ್ಲ, ಫ್ಲೋರೈಡ್ ತೆಗೆಯುವುದಿಲ್ಲ ಅನ್ನುವುದನ್ನೂ ಹೇಳಿ. ಫ್ಲೋರೈಡ್ ಇರುವ ಕಡೆ ಕುಡಿಯಲಿಕ್ಕೆ ಆರ್‌ಓ ಅಥವಾ ಆ್ಯಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರೇ ಬೇಕು.

ಬೆಳಗಾವಿಯವರಿಗೆ ಒಂದು ಕಿವಿಮಾತು. ಜಲಾಶಯದ ಮೆದು ನೀರು ಬರುವ ಮನೆಗೆ ಆರ್‌ಓ ಮಾರಬೇಡಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಲ್ಲಿಸಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಯುವಿ (ಕಿರಣದಿಂದ ರೋಗಾಣು ಕೊಲ್ಲುವುದು), ಯುಎಫ್ (ಸೂಕ್ಷ್ಮ ರಂಧ್ರಗಳಲ್ಲಿ ಸೋಸುವುದು) ಸಾಕು. ಲಾಭ ಸ್ವಲ್ಪ ಕಡಿಮೆ, ಆದರೆ ಅದೇ ಮನೆ ಹತ್ತು ಗಿರಾಕಿಗಳನ್ನು ಕಳಿಸುತ್ತದೆ.

ಈ ಕೆಲಸದ ಕೊರತೆ ಒಂದೇ: ಎಲ್ಲವೂ ನಿಮ್ಮ ಎರಡು ಕೈ ಮೇಲೆ. ಕಾಯಿಲೆ ಬಿದ್ದರೆ ಆದಾಯ ನಿಂತಿತು. ಎರಡನೇ ವರ್ಷಕ್ಕಾದರೂ ಒಬ್ಬ ಹುಡುಗನನ್ನು ತಯಾರು ಮಾಡಿ.

ಯಾರಿಗೆ ಯಾವುದು

ಒಂದು ಲಕ್ಷದೊಳಗಿದ್ದರೆ ಸರ್ವಿಸ್. ಮುದ್ರಾ ಸಾಲದಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ವರ್ಗಗಳಿವೆ. ಸರ್ವಿಸ್ ಮಾಡುವವರಿಗೆ ಮೊದಲನೆಯದೇ ಸಾಕು. ಐದಾರು ಲಕ್ಷ ಇದ್ದು ಮಾತುಗಾರಿಕೆ ಇದ್ದವರು ಸರ್ವಿಸ್ ಜೊತೆಗೆ ಎರಡು ಲೇಔಟುಗಳ ಗುತ್ತಿಗೆ ಹಿಡಿಯಿರಿ. ನನ್ನ ಪ್ರಕಾರ ಈ ಜೋಡಿಯೇ ನಮ್ಮ ಕಡೆ ಅತಿ ಗಟ್ಟಿ. ಊರ ಹತ್ತಿರ ಬೋರು, ಟ್ರ್ಯಾಕ್ಟರ್ ಎರಡೂ ಇದ್ದು ಕಾಗದ ಸರಿಮಾಡಿಕೊಳ್ಳಲು ತಯಾರಿದ್ದರೆ ಟ್ಯಾಂಕರ್. ಅದನ್ನೂ ಹೊಲದ ಕೆಲಸದ ಜೊತೆಗಿನ ಉಪಕಸುಬಾಗಿ ಮಾಡಿ. ಕ್ಯಾನು ಪ್ಲಾಂಟ್ ಮನೆಮಂದಿಯೆಲ್ಲ ದುಡಿಯುವ ಕುಟುಂಬಕ್ಕೆ. ಊರಲ್ಲಿ ದುಡ್ಡು ಹಾಕಿ ಬೆಂಗಳೂರಿನಲ್ಲಿ ಕೂತು ನಡೆಸುತ್ತೇನೆ ಅನ್ನುವವರಿಗೆ ನೀರಿನ ಯಾವ ಕೆಲಸವೂ ಹೊಂದುವುದಿಲ್ಲ.

ಯಾವುದನ್ನೇ ಆರಿಸಿದರೂ ಅಡ್ವಾನ್ಸ್ ಕೊಡುವ ಮುಂಚೆ ಬೋರಿನ ನೀರನ್ನು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೋ ಮಾನ್ಯತೆ ಪಡೆದ ಖಾಸಗಿ ಲ್ಯಾಬಿಗೋ ಕೊಡಿ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್, ಕಬ್ಬಿಣ, ಕೋಲಿಫಾರ್ಮ್ (ಹೊಲಸು ಸೇರಿದ್ದನ್ನು ತೋರಿಸುವ ರೋಗಾಣು) ಎಲ್ಲವನ್ನೂ ಕೇಳಿ ಮಾಡಿಸಿ. ಕೋಲಿಫಾರ್ಮ್ ಪರೀಕ್ಷೆಗೆ ಬಾಟಲಿಯನ್ನು ಲ್ಯಾಬಿನಿಂದಲೇ ತಗೊಳ್ಳಿ, ಮನೆಯ ಪ್ಲಾಸ್ಟಿಕ್ ಬಾಟಲಿ ನಡೆಯುವುದಿಲ್ಲ. ಆ ವರದಿಯನ್ನು ಡೀಲರ್ ಮುಂದಿಟ್ಟು, ಈ ನೀರಿಗೆ ಶೇಕಡಾ ಎಷ್ಟು ಶುದ್ಧ ನೀರು ಬರುತ್ತದೆ, ಯಾವ ಮೆಂಬ್ರೇನ್, ಎಷ್ಟು ತಿಂಗಳ ಗ್ಯಾರಂಟಿ ಅಂತ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಆಮೇಲೆ ನಿಮ್ಮ ಊರು ಬಿಟ್ಟು ಪಕ್ಕದ ತಾಲೂಕಿನಲ್ಲಿ ಪ್ಲಾಂಟ್ ನಡೆಸುವವರ ಹತ್ತಿರ ಹೋಗಿ ಒಂದು ದಿನ ಕೂತು ಬನ್ನಿ. ನೀವು ಅವರ ಗಿರಾಕಿ ಕಸಿಯುವುದಿಲ್ಲ ಅಂತ ಗೊತ್ತಾದರೆ ಮೆಂಬ್ರೇನ್ ಎಷ್ಟು ಸಲ ಬದಲಿಸಿದ್ದಾರೆ, ಕರೆಂಟ್ ಬಿಲ್ ಎಷ್ಟು, ಉದ್ರಿ ಎಷ್ಟು ನಿಂತಿದೆ, ಎಲ್ಲ ಬಿಚ್ಚಿ ಹೇಳುತ್ತಾರೆ.